ಸ್ಟೈಲ್ ಜಾಸ್ತಿ ಅಂದಿರಲ್ಲ, ಅದರ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಥ್ರಿಲ್ಲರ್ ಸಿನಿಮಾಗಳ ಬಗ್ಗೆ ಬಂದ ಲೇಖನ ಓದಿದೆ. ಅದರಲ್ಲಿ 1967ರ ಫ್ರೆಂಚ್ ಚಿತ್ರ ‘ಲೆ ಸಮುರಾಯ್’ ಬಗ್ಗೆ ಎರಡೇ ಸಾಲು ಇತ್ತು. ನೋಡಲು ಚೆಂದ, ಆದರೆ ನಿಧಾನ, ಕಥೆ ಕಡಿಮೆ, ಸ್ಟೈಲ್ ಜಾಸ್ತಿ ಅಂತ. ಆ ಮಾತು ಮೂರು ದಿನದಿಂದ ತಲೆಯಲ್ಲೇ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಟೈಲರ್. 31 ವರ್ಷದಿಂದ ಗಂಡಸರ ಕೋಟು ಹೊಲಿಯುತ್ತಿದ್ದೇನೆ. ಸಿನಿಮಾ ಬಗ್ಗೆ ಓದಿಕೊಂಡವನಲ್ಲ. ಫ್ರೆಂಚ್ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಈ ಸಿನಿಮಾ ತೋರಿಸಿದ್ದು ನನ್ನ ಮಗಳು. “ಅಪ್ಪಾ, ಇದರಲ್ಲಿ ಒಂದು ಕೋಟಿದೆ, ನೀವು ನೋಡಲೇಬೇಕು” ಅಂದಳು. ಕೋಟು ನೋಡಲು ಕೂತೆ. ಒಂದೂ ಮುಕ್ಕಾಲು ಗಂಟೆ ಎದ್ದೇಳಲಿಲ್ಲ. ಆಮೇಲೆ ಇನ್ನೂ ನಾಲ್ಕು ಸಲ ನೋಡಿದ್ದೇನೆ.

ಕಥೆ ಚಿಕ್ಕದು, ಅದನ್ನು ಒಪ್ಪುತ್ತೇನೆ. ಪ್ಯಾರಿಸ್‌ನಲ್ಲಿ ಜೆಫ್ ಕೋಸ್ಟೆಲೊ ಅಂತ ಒಬ್ಬ. ದುಡ್ಡು ತೆಗೆದುಕೊಂಡು ಕೊಲೆ ಮಾಡುವವನು. ಒಂದು ನೈಟ್‌ಕ್ಲಬ್ಬಿನ ಮಾಲೀಕನನ್ನು ಮುಗಿಸಿ ಹೊರಗೆ ಬರುವಾಗ ಅಲ್ಲಿ ಪಿಯಾನೊ ನುಡಿಸುವವಳು ಅವನನ್ನು ನೋಡಿಬಿಡುತ್ತಾಳೆ. ಪೊಲೀಸರು ಹಿಡಿಯುತ್ತಾರೆ, ಬಿಡುತ್ತಾರೆ, ಬೆನ್ನು ಬೀಳುತ್ತಾರೆ. ಕೆಲಸ ಕೊಟ್ಟವರೂ ಅವನ ಪ್ರಾಣಕ್ಕೆ ಹೊಂಚು ಹಾಕುತ್ತಾರೆ. ಇಷ್ಟೇ. ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಮುಗಿಸಬಹುದು.

ಕೋಟಿನ ಕಥೆಯೂ ಅಷ್ಟೇ ಅಲ್ವಾ? ಮುಂದಿನ ಭಾಗ ಎರಡು, ಬೆನ್ನು, ಎರಡು ತೋಳು, ಒಂದು ಕಾಲರ್. ಎಲ್ಲರ ಕೋಟಿನಲ್ಲೂ ಇರುವುದು ಇದೇ. ಆದರೂ ಒಬ್ಬನ ಕೋಟು ಮೈಮೇಲೆ ಕೂರುತ್ತದೆ, ಇನ್ನೊಬ್ಬನದು ಹ್ಯಾಂಗರಿಗೆ ಹಾಕಿದಂತೆ ನೇತಾಡುತ್ತದೆ. ಕಟಿಂಗ್‌ನಲ್ಲಿ ಏನಾಯಿತು ಎನ್ನುವುದೇ ಕೋಟಿನ ಸಂಗತಿ. ಈ ಚಿತ್ರದಲ್ಲೂ ಕಥೆ ಇರುವುದು ಕಟಿಂಗ್‌ನಲ್ಲೇ. ಸ್ಟೈಲನ್ನು ಬಿಚ್ಚಿ ಪಕ್ಕಕ್ಕಿಟ್ಟು ಕಥೆ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ.

ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಅರೆಗತ್ತಲ ಕೋಣೆ. ಎರಡು ಕಿಟಕಿ, ನಡುವೆ ಒಂದು ಹಕ್ಕಿಯ ಪಂಜರ. ಹಕ್ಕಿ ಚಿಲಿಪಿಲಿ ಅನ್ನುತ್ತಿದೆ. ಹೊರಗೆ ವಾಹನಗಳ ಸದ್ದು. ಕೋಣೆಯಲ್ಲಿ ಯಾರೂ ಇಲ್ಲ ಅಂದುಕೊಳ್ಳುತ್ತೇವೆ. ಆಮೇಲೆ ಬಲಗಡೆ ಹಾಸಿಗೆಯಿಂದ ಸಿಗರೇಟಿನ ಹೊಗೆ ಮೇಲೇಳುತ್ತದೆ. ಓಹೋ, ಇಲ್ಲೊಬ್ಬ ಮಲಗಿದ್ದಾನೆ! ಮುಖ್ಯ ಪಾತ್ರಧಾರಿ ಅಲೆನ್ ಡೆಲೋನ್ ಪರದೆಗೆ ಬರುವ ರೀತಿ ಅದು. ಆ ಕಾಲಕ್ಕೆ ಯುರೋಪಿನಲ್ಲೇ ಅತಿ ಚೆಲುವನೆಂದು ಹೆಸರಾದ ನಟನನ್ನು ಹೀಗೆ ಹೊಗೆಯಿಂದ ಪರಿಚಯ ಮಾಡಿಸುವ ಧೈರ್ಯ ಎಷ್ಟು ಜನಕ್ಕಿದೆ? 2024ರ ಆಗಸ್ಟ್‌ನಲ್ಲಿ 88ನೇ ವಯಸ್ಸಿನಲ್ಲಿ ಡೆಲೋನ್ ತೀರಿಕೊಂಡಾಗ ನಾನು ಓದಿದ ಸುದ್ದಿಗಳಲ್ಲೆಲ್ಲ ಮುಖದ ಮಾತೇ ಜಾಸ್ತಿ ಇತ್ತು. ಆ ಮುಖವನ್ನು ಅವರು ಎಷ್ಟು ಅಲುಗಾಡದಂತೆ ಇಟ್ಟುಕೊಂಡರು ಎನ್ನುವುದು ಯಾರಿಗೂ ನೆನಪಾಗಲಿಲ್ಲ. ನನಗೆ ಬೇಜಾರಾಯಿತು.

ಮೊದಲ ಮಾತು ಕೇಳುವ ಹೊತ್ತಿಗೆ ಸುಮಾರು ಹತ್ತು ನಿಮಿಷ ಕಳೆದಿರುತ್ತದೆ. ಲೇಖಕರು ‘ನಿಧಾನ’ ಅಂದದ್ದು ಬಹುಶಃ ಇದನ್ನೇ. ಆದರೆ ಆ ಹತ್ತು ನಿಮಿಷದಲ್ಲಿ ಏನೇನು ನಡೆಯುತ್ತದೆ ನೋಡಿ. ಜೆಫ್ ಏಳುತ್ತಾನೆ, ಕೋಟು ತೊಡುತ್ತಾನೆ, ಕನ್ನಡಿ ಮುಂದೆ ಟೋಪಿ ಇಟ್ಟು ಅದರ ಅಂಚಿನ ಮೇಲೆ ಬೆರಳಾಡಿಸುತ್ತಾನೆ. ಬೀದಿಗಿಳಿದು ನಿಂತಿರುವ ಸಿಟ್ರೊಯೆನ್ ಕಾರೊಂದರಲ್ಲಿ ತನ್ನದೇ ಕಾರು ಎಂಬಂತೆ ಹೋಗಿ ಕೂರುತ್ತಾನೆ. ಜೇಬಿನಿಂದ ದೊಡ್ಡ ಬಳೆಯಂಥ ಕೀ ಗೊಂಚಲು ತೆಗೆಯುತ್ತಾನೆ. ಪಕ್ಕದ ಸೀಟಿನ ಮೇಲೆ ಇಟ್ಟು ಒಂದೊಂದೇ ಕೀ ಹಾಕಿ ನೋಡುತ್ತಾನೆ. ಆಗಲಿಲ್ಲವೇ, ಇನ್ನೊಂದು. ಅದೂ ಆಗಲಿಲ್ಲವೇ, ಮತ್ತೊಂದು. ಕೈ ಕೆಲಸ ಮಾಡುತ್ತಿದೆ, ಕಣ್ಣು ಮಾತ್ರ ನೇರ ಮುಂದೆ, ಮಳೆಹನಿ ಇಳಿಯುತ್ತಿರುವ ಗಾಜಿನ ಕಡೆ. ಅವಸರ ಇಲ್ಲ. ನಮಗೆ ಎದೆ ಬಡಿದುಕೊಳ್ಳುತ್ತಿರುತ್ತದೆ, ಅವನಿಗಿಲ್ಲ. ಕಾರು ಸ್ಟಾರ್ಟ್ ಆಗುತ್ತದೆ. ಆಮೇಲೆ ಒಂದು ಗ್ಯಾರೇಜು. ಅಲ್ಲಿಯವನು ನಂಬರ್ ಪ್ಲೇಟು ಬದಲಿಸುತ್ತಾನೆ, ಕಾಗದಪತ್ರ ಕೊಡುತ್ತಾನೆ, ಜೆಫ್ ಕೈ ಚಾಚಿದಾಗ ಪಿಸ್ತೂಲು ಕೊಡುತ್ತಾನೆ. ಇಬ್ಬರೂ ತುಟಿ ಬಿಚ್ಚುವುದಿಲ್ಲ.

ನಮ್ಮ ಕೆಲಸದ ಮೇಜಿನ ಹತ್ತಿರ ನಿಂತು ನೋಡಿದವರಿಗೆ ಈ ಮೌನ ಗೊತ್ತು. ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವಾಗ ಯಾರೂ ಮಾತಾಡುವುದಿಲ್ಲ. ಗಿರಾಕಿ ಬಂದರೂ ಕಣ್ಣಲ್ಲೇ ಕೂರಿ ಅನ್ನುತ್ತೇವೆ. ಜೆಫ್ ಮಾಡುವುದು ಪಾಪದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಗೊತ್ತಿರುವ ಕೈ ಹೇಗಿರುತ್ತದೆ ಎನ್ನುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ.

ನಿರ್ದೇಶಕ ಜಾನ್ ಪಿಯೆರ್ ಮೆಲ್ವಿಲ್ ಈ ಸ್ಕ್ರಿಪ್ಟನ್ನು ಡೆಲೋನ್ ಮನೆಗೆ ಹೋಗಿ ಓದಿ ಹೇಳಿದ್ದರಂತೆ. ಸ್ವಲ್ಪ ಹೊತ್ತಾದ ಮೇಲೆ ಡೆಲೋನ್ ಗಡಿಯಾರ ನೋಡಿ, ಏಳೂವರೆ ನಿಮಿಷವಾಯಿತು, ಇನ್ನೂ ಒಂದು ಡೈಲಾಗ್ ಬಂದಿಲ್ಲ, ಇಷ್ಟು ಸಾಕು, ನಾನು ಮಾಡುತ್ತೇನೆ ಅಂದುಬಿಟ್ಟರಂತೆ. ಮೆಲ್ವಿಲ್ ಅವರೇ ಹೇಳಿಕೊಂಡಿರುವ ಸಂಗತಿ ಇದು. ಡೈಲಾಗ್ ಇಲ್ಲ ಎನ್ನುವ ಕಾರಣಕ್ಕೇ ಒಪ್ಪಿದ ನಟ!

ಈಗ ನನ್ನ ಕೋಟಿನ ವಿಷಯಕ್ಕೆ ಬರುತ್ತೇನೆ. ಜೆಫ್ ಹಾಕಿರುವುದು ಟ್ರೆಂಚ್ ಕೋಟು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಮಣ್ಣಿನ ಕಂದಕಗಳಲ್ಲಿ ಮಳೆ, ಗಾಳಿ ತಡೆಯಲು ಹಾಕುತ್ತಿದ್ದ ಕೋಟು ಅದು. ಭುಜದ ಮೇಲೆ ಪಟ್ಟಿ, ಸೊಂಟಕ್ಕೆ ಬೆಲ್ಟು, ಎರಡು ಸಾಲು ಗುಂಡಿ. ಇದನ್ನು ಹೊಲಿಯುವುದು ಕಷ್ಟ. ಕಾಲರ್ ಮೇಲೆತ್ತಿದರೆ ನಿಲ್ಲಬೇಕು, ಮಡಚಿದರೆ ಮಲಗಬೇಕು. ಕಾಲರ್ ನಿಲ್ಲಲು ಒಳಗೆ ಹಾಕುವ ಬಿರುಸು ಬಟ್ಟೆ, ಅಂದರೆ ಬಕ್ರಂ, ಸ್ವಲ್ಪ ಗಟ್ಟಿಯಾದರೆ ಕುತ್ತಿಗೆಗೆ ಪಟ್ಟಿ ಬಿಗಿದಂತಾಗುತ್ತದೆ, ತೆಳುವಾದರೆ ಎರಡು ಮಳೆಗೆ ಸೋತುಹೋಗುತ್ತದೆ. ಡೆಲೋನ್ ಕಾಲರ್ ಎತ್ತಿ ನಡೆಯುವಾಗ ಅದು ಅಲ್ಲಾಡದೆ ನಿಲ್ಲುತ್ತದೆ. ಯಾರು ಹೊಲಿದರೋ, ಅವರ ಕೈಗೆ ನನ್ನ ನಮಸ್ಕಾರ.

ಆದರೆ ಈ ಕೋಟು ಬರೀ ಚೆಂದಕ್ಕಿಲ್ಲ. ಅದು ಸಾಕ್ಷಿ. ಕೊಲೆಯಾದ ರಾತ್ರಿ ಪೊಲೀಸರು ಪ್ಯಾರಿಸ್‌ನ ಮೂಲೆಮೂಲೆಯಿಂದ ಜನರನ್ನು ಹಿಡಿದು ತರುತ್ತಾರೆ. ರೇನ್‌ಕೋಟು, ಟೋಪಿ ಹಾಕಿದ ಗಂಡಸನ್ನು ನೋಡಿದೆವು ಅಂತ ಕ್ಲಬ್ಬಿನವರು ಹೇಳಿರುತ್ತಾರೆ. ಜೆಫ್‌ನನ್ನೂ ಕರೆತಂದಿದ್ದಾರೆ. ಆ ಕೊಲೆಯ ಹೊತ್ತಿಗೆ ತಾನು ಜೇನ್ ಎಂಬುವಳ ಮನೆಯಲ್ಲಿದ್ದೆ ಅಂತ ಅವನ ಹೇಳಿಕೆ. ಅವಳ ಮನೆಯಿಂದ ಅವನು ಹೊರಡುವುದನ್ನು ನೋಡಿದ ಒಬ್ಬ ಮನುಷ್ಯ ಇದ್ದಾನೆ. ಅವನಿಗೆ ಗುರುತು ಹಿಡಿಯಲು ಹೇಳಬೇಕು. ಕಮಿಷನರ್ ಪಾತ್ರ ಮಾಡಿದ ಫ್ರಾನ್ಸ್ವಾ ಪೆರಿಯೆ ಇಲ್ಲಿ ಒಂದು ಉಪಾಯ ಮಾಡುತ್ತಾನೆ. ಜೆಫ್‌ನ ಕೋಟನ್ನು ಒಬ್ಬನಿಗೆ ಹಾಕಿಸುತ್ತಾನೆ, ಟೋಪಿಯನ್ನು ಇನ್ನೊಬ್ಬನಿಗೆ. ಸಾಕ್ಷಿ ಕೋಟನ್ನು ನೋಡಿ ಮೋಸಹೋಗಲಿ ಅಂತ. ಆ ಮನುಷ್ಯ ಬರುತ್ತಾನೆ, ಸಾಲಿನ ಮೇಲೆ ಕಣ್ಣಾಡಿಸುತ್ತಾನೆ. ಟೋಪಿ ಇವರದು, ಕೋಟು ಅವರದು, ಮುಖ ಇವರದು ಅಂತ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿಬಿಡುತ್ತಾನೆ! ಕಮಿಷನರ್ ಹೂಡಿದ ಆಟ ಅವನಿಗೇ ತಿರುಗುತ್ತದೆ. ಜೆಫ್‌ನ ಹೇಳಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ನಾನು ಆ ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ಹಾಕಿ ಮತ್ತೆ ನೋಡಿದೆ. ಜೆಫ್‌ನ ಕೋಟು ಇನ್ನೊಬ್ಬನ ಮೈಮೇಲೆ ಬಂದ ತಕ್ಷಣ ಸುಮ್ನೆ ಒಂದು ಬಟ್ಟೆಯಾಗಿಬಿಡುತ್ತದೆ. ಭುಜ ಜಾರುತ್ತದೆ, ಗತ್ತು ಹೋಗುತ್ತದೆ. ಬೇರೆಯವರ ಕೋಟು ಹಾಕಿಕೊಂಡ ಜೆಫ್ ಮಾತ್ರ ಜೆಫ್ ಆಗಿಯೇ ಇರುತ್ತಾನೆ. ಸ್ಟೈಲ್ ಎಲ್ಲಿದೆ ಅಂತ ಮೆಲ್ವಿಲ್ ಒಂದೂ ಮಾತಿಲ್ಲದೆ ಅಲ್ಲಿ ತೋರಿಸಿದ್ದಾರೆ. ನಿಮ್ಮ ಲೇಖಕರು ಇದನ್ನು ಹೇಗೆ ದಾಟಿಕೊಂಡು ಹೋದರೋ ಗೊತ್ತಿಲ್ಲ.

ಇನ್ನೂ ಒಂದು. ಕೊನೆಯ ಭಾಗದಲ್ಲಿ ಜೆಫ್ ಆ ಕೋಟು ಬಿಟ್ಟು ಗಾಢ ಬಣ್ಣದ ಓವರ್‌ಕೋಟು ಹಾಕಿಕೊಂಡು ಬರುತ್ತಾನೆ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟರಲ್ಲಿ ಅವನ ತೋಳಿಗೆ ಗುಂಡು ಬಿದ್ದಿರುತ್ತದೆ, ತನ್ನ ಗಾಯಕ್ಕೆ ತಾನೇ ಬ್ಯಾಂಡೇಜ್ ಕಟ್ಟಿಕೊಂಡಿರುತ್ತಾನೆ. ಆ ಗಾಢ ಬಣ್ಣ ಕಂಡ ಕೂಡಲೇ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮದುವೆಗೆ ಯಾವ ಬಣ್ಣ, ಸಾವಿಗೆ ಯಾವ ಬಣ್ಣ ಅಂತ ಗಿರಾಕಿಗಳ ಜೊತೆ ದಿನವೂ ಮಾತಾಡುವವನು ನಾನು.

ಬಣ್ಣದ ಮಾತು ಬಂತಲ್ಲ. ಇಡೀ ಚಿತ್ರ ಬೂದು. ಗೋಡೆ ಬೂದು, ಹಕ್ಕಿ ಬೂದು, ಬೆಳಗಿನ ಬೀದಿ ಬೂದು. ಛಾಯಾಗ್ರಾಹಕ ಆನ್ರಿ ದೆಕಾಯೆ. ಬಣ್ಣದಲ್ಲೇ ಕಪ್ಪು ಬಿಳುಪು ಸಿನಿಮಾ ಮಾಡುವುದು ಮೆಲ್ವಿಲ್ ಆಸೆಯಾಗಿತ್ತು. ಬೂದು ಅಂದರೆ ಒಂದೇ ಬಣ್ಣ ಅಂದುಕೊಳ್ಳುವವರು ಬಟ್ಟೆ ಅಂಗಡಿಯಲ್ಲಿ ಒಂದು ದಿನ ಕೂರಬೇಕು. ನೀಲಿ ಹೊಡೆಯುವ ಬೂದು, ಹಸಿರು ಹೊಡೆಯುವ ಬೂದು, ಸುಣ್ಣದಂಥ ಬೂದು ಎಲ್ಲ ಇವೆ. ಆ ಕೋಣೆಯೊಂದರಲ್ಲೇ ನಾನು ನಾಲ್ಕೈದು ಎಣಿಸಿದೆ.

ಕೊಲೆ ಮಾಡುವಾಗ ಜೆಫ್ ಬಿಳಿ ಕೈಗವಸು ಹಾಕುತ್ತಾನೆ. ಅದು ಫಿಲ್ಮ್ ಎಡಿಟರ್‌ಗಳು ಹಾಕುವ ಹತ್ತಿಯ ಗವಸು ಅಂತ ಮೆಲ್ವಿಲ್ ಹೇಳಿದ್ದರು. ಫಿಲ್ಮಿಗೆ ಬೆರಳ ಗುರುತು ಬೀಳಬಾರದು ಅಂತ ಎಡಿಟರ್‌ಗಳು ಹಾಕಿಕೊಳ್ಳುವಂಥದ್ದು. ತನ್ನ ಕೆಲಸದ ಮೇಜಿನ ಮೇಲಿದ್ದ ವಸ್ತುವನ್ನೇ ತನ್ನ ಪಾತ್ರದ ಕೈಗೆ ಹಾಕಿಸಿದ್ದಾರೆ. ಇದು ತಿಳಿದ ಮೇಲೆ ಆ ಬಿಳಿ ಗವಸು ನನಗೆ ಬೇರೆಯಾಗಿಯೇ ಕಾಣುತ್ತದೆ.

ಮೆಟ್ರೊ ರೈಲಿನ ಬೆನ್ನಟ್ಟುವ ದೃಶ್ಯದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಉದ್ದ ಮಾಡುವುದಿಲ್ಲ. ಸ್ಟೇಷನ್ ಸ್ಟೇಷನ್‌ನಲ್ಲೂ ಮಫ್ತಿ ಪೊಲೀಸರು, ಅಲ್ಲಿ ಕಮಿಷನರ್ ಮುಂದೆ ದೀಪ ಹತ್ತುವ ಮ್ಯಾಪು. ಓಟ ಕಡಿಮೆ, ಉಸಿರು ಬಿಗಿಹಿಡಿಯುವುದು ಜಾಸ್ತಿ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಜೇನ್ ಪಾತ್ರಕ್ಕೆ ಇನ್ನೂ ಜಾಗ ಸಿಗಬೇಕಿತ್ತು. ಆಗ ಡೆಲೋನ್ ಹೆಂಡತಿಯಾಗಿದ್ದ ನತಾಲಿ ಡೆಲೋನ್ ಅವರಿಗೆ ಇದು ಮೊದಲ ಚಿತ್ರ. ಕಮಿಷನರ್ ಅವಳ ಮನೆಗೇ ಬಂದು ಬೆದರಿಸುತ್ತಾನೆ, ಅವಳು ಬಗ್ಗುವುದಿಲ್ಲ. ಅಷ್ಟು ಗಟ್ಟಿ ಹೆಂಗಸು ಏನು ಯೋಚಿಸುತ್ತಿದ್ದಾಳೆ ಅಂತ ನಮಗೆ ಗೊತ್ತಾಗುವುದೇ ಇಲ್ಲ.

ಆ ಪಂಜರದ ಹಕ್ಕಿಯ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಪೊಲೀಸರು ಜೆಫ್ ಇಲ್ಲದಾಗ ಕೋಣೆಗೆ ನುಗ್ಗಿ ಮೈಕ್ ಅಡಗಿಸಿಟ್ಟು ಹೋಗುತ್ತಾರೆ. ಅವನು ಬಂದಾಗ ಹಕ್ಕಿ ಚಡಪಡಿಸುತ್ತಿದೆ, ಪಂಜರದಲ್ಲಿ ಪುಕ್ಕ ಉದುರಿವೆ. ಯಾರೋ ಬಂದಿದ್ದರು ಅಂತ ಅವನಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ, ಹುಡುಕಿ ಮೈಕ್ ಕಿತ್ತುಹಾಕುತ್ತಾನೆ. ಅವನಿಗೆ ಇರುವ ಒಂದೇ ಒಂದು ಜೊತೆ ಅದು. ಚಿತ್ರೀಕರಣ ನಡೆಯುತ್ತಿದ್ದಾಗಲೇ, 1967ರ ಬೇಸಿಗೆಯಲ್ಲಿ, ಪ್ಯಾರಿಸ್‌ನ ರ‍್ಯೂ ಜೆನೆರ್‌ ಬೀದಿಯಲ್ಲಿದ್ದ ಮೆಲ್ವಿಲ್ ಅವರ ಸ್ವಂತ ಸ್ಟುಡಿಯೊ ಬೆಂಕಿಗೆ ಸುಟ್ಟುಹೋಯಿತು. ಆ ಹಕ್ಕಿಯೂ ಅದರಲ್ಲಿ ಸತ್ತಿತು. ಇದನ್ನು ಓದಿದ ಮೇಲೆ ಮೊದಲ ದೃಶ್ಯದ ಚಿಲಿಪಿಲಿ ಕೇಳಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಸಂಪಾದಕರೇ, ನನ್ನ ಬೇಡಿಕೆ ಚಿಕ್ಕದು. ಇಂಥ ಚಿತ್ರಗಳ ಬಗ್ಗೆ ಬರೆಸುವಾಗ ಎರಡು ಸಾಲಿಗಿಂತ ಜಾಸ್ತಿ ಜಾಗ ಕೊಡಿ. ಹೇಗೆ ನೋಡಬೇಕು ಅಂತಲೂ ಓದುಗರಿಗೆ ತಿಳಿಸಿ. ಫೋನ್ ಪಕ್ಕಕ್ಕಿಟ್ಟು, ದೀಪ ಆರಿಸಿ, ಸದ್ದು ಚೆನ್ನಾಗಿ ಕೇಳುವಂತೆ ಇಟ್ಟುಕೊಂಡು ಕೂರಲಿ. ಸಬ್‌ಟೈಟಲ್ ಓದುವ ಕೆಲಸ ಇದರಲ್ಲಿ ತುಂಬಾ ಕಡಿಮೆ, ಭಾಷೆ ಗೊತ್ತಿಲ್ಲದವರಿಗೂ ತೊಂದರೆಯಾಗದು.

ನಿಮ್ಮ ಲೇಖಕರು ಇನ್ನೊಂದು ಸಲ ನೋಡುವುದಾದರೆ ಒಂದು ಕಡೆ ಗಮನವಿಡಲಿ. ಕೊನೆ ಏನಾಗುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ. ಜೆಫ್ ಕಡೆಯ ಸಲ ಕ್ಲಬ್ಬಿಗೆ ಬರುತ್ತಾನೆ. ಬಾಗಿಲ ಹತ್ತಿರ ಟೋಪಿ ತೆಗೆದು ಅಲ್ಲಿಯ ಹುಡುಗಿಯ ಕೈಗೆ ಕೊಡುತ್ತಾನೆ. ಅವಳು ಟೋಕನ್ ಕೊಡುತ್ತಾಳೆ. ಅವನು ಅದನ್ನು ತೆಗೆದುಕೊಳ್ಳದೆ ಕೌಂಟರ್ ಮೇಲೆಯೇ ಬಿಟ್ಟು ಒಳಗೆ ನಡೆಯುತ್ತಾನೆ.

ಇತಿ,
ನಿಮ್ಮ ಹಳೆಯ ಓದುಗ, ಒಬ್ಬ ಟೈಲರ್