ಅಕ್ಕನಿಗೆ, ಸಬ್ಬಸಿಗೆ ಸೌತೆಕಾಯಿಯ ವಿಚಾರ

ಮಿನಿಯಾಪೊಲಿಸ್, ಅಮೆರಿಕ
ಜನವರಿ 12

ಪ್ರೀತಿಯ ಅಕ್ಕನಿಗೆ,

ನಾವಿಲ್ಲಿ ಕ್ಷೇಮ. ಬಳ್ಳಾರಿಯಲ್ಲಿ ನೀನು, ಭಾವ, ಅವ್ವ, ಮಕ್ಕಳು ಎಲ್ಲರೂ ಆರಾಮ ಅಂತ ತಿಳಿದಿದ್ದೇನೆ.

ಪುಟ್ಟಿಯ ನಿಶ್ಚಿತಾರ್ಥದ ಹಿಂದಿನ ಸಂಜೆ 40 ಮಂದಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಬೇಕು, ಇಲ್ಲಿಯ ಡಿಲ್ ಉಪ್ಪಿನಕಾಯಿಯ ತಿಂಡಿ ಹೇಗೆ ಮಾಡುತ್ತಾರೆ ಬರಿ ಅಂದಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅಳತೆ ಹೆಚ್ಚುಕಡಿಮೆ ಆಗುತ್ತದೆ ಅಂತ ಕಾಗದದಲ್ಲೇ ಬರೆಯುತ್ತಿದ್ದೇನೆ. ಅಡುಗೆಮನೆಯ ಗೋಡೆಗೆ ಅಂಟಿಸಿಕೊ.

ಡಿಲ್ ಅಂದರೆ ಬೇರೇನಲ್ಲ, ನಮ್ಮ ಸಬ್ಬಸಿಗೆ. ಇಲ್ಲಿಯ ತಳಿಗೂ ನಮ್ಮದಕ್ಕೂ ಪರಿಮಳದಲ್ಲಿ ಸ್ವಲ್ಪ ವ್ಯತ್ಯಾಸವಿದೆ, ನಮ್ಮದು ಇನ್ನಷ್ಟು ಘಾಟು. ಉಪ್ಪಿನಕಾಯಿ ಅಂತ ಕರೆದರೂ ಇದರಲ್ಲಿ ಎಣ್ಣೆ ಇಲ್ಲ, ಖಾರದ ಪುಡಿ ಇಲ್ಲ. ಎಳೆ ಸೌತೆಕಾಯಿ, ಉಪ್ಪುನೀರು, ವಿನೆಗರ್, ಬೆಳ್ಳುಳ್ಳಿ, ಸಬ್ಬಸಿಗೆ, ಅಷ್ಟೆ. ಇದರಿಂದ ಎರಡು ತಿಂಡಿ ಹೇಳುತ್ತೇನೆ, ಚಪಾತಿಯಲ್ಲಿ ಸುತ್ತಿದ ಸುರುಳಿ ಮತ್ತು ಹಿಟ್ಟು ಹೊದಿಸಿ ಕರಿದ ಬಿಲ್ಲೆ. ಇವು ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ, ನೀರು. ಉಪ್ಪಿನಕಾಯಿಯ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ. ಸುರುಳಿಯೊಳಗಿದ್ದರೆ ಚಪಾತಿಯನ್ನು ನೆನೆಸುತ್ತದೆ, ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಹಿಟ್ಟನ್ನು ಕಳಚುತ್ತದೆ. ಮುಂದೆ ನಾನು ಮತ್ತೆ ಮತ್ತೆ "ಒರೆಸು" ಅಂದರೆ ಬೇಸರ ಮಾಡಿಕೊಳ್ಳಬೇಡ.

ಮೊದಲು ಉಪ್ಪಿನಕಾಯಿ. ಅಂಗಡಿಯಲ್ಲಿ ಗರ್ಕಿನ್ (ಉಪ್ಪಿನಕಾಯಿಗೆಂದೇ ಬೆಳೆಯುವ ಪುಟ್ಟ ಸೌತೆಕಾಯಿ) ಬಾಟಲಿ ಸಿಗುತ್ತದೆ, ಆದರೆ ಹಲವು ಬಾಟಲಿಗಳು ಸಿಹಿಯಾಗಿರುತ್ತವೆ, 40 ಮಂದಿಗೆ ದುಬಾರಿಯೂ ಹೌದು. ಮನೆಯಲ್ಲೇ ಮಾಡು. ಗರ್ಕಿನ್ ಮಿಡಿಯನ್ನು 1990ರ ದಶಕದ ಆರಂಭದಿಂದ ಕರ್ನಾಟಕದ ರೈತರೇ ಕಂಪನಿಗಳ ಒಪ್ಪಂದದ ಮೇಲೆ ಬೆಳೆದು ಹೊರದೇಶಕ್ಕೆ ಕಳಿಸುತ್ತಿದ್ದಾರೆ. ಪರಿಚಯದ ರೈತರ ಹತ್ತಿರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಮಾರುಕಟ್ಟೆಯಲ್ಲಿ ಬೆರಳುದ್ದಕ್ಕಿಂತ ಸ್ವಲ್ಪ ಉದ್ದ, ಸುಮಾರು 10 ಸೆಂ.ಮೀ. ಇರುವ, ಬೀಜ ಬಲಿಯದ ಎಳೆ ಸೌತೆಕಾಯಿ 2 ಕಿಲೋ ಆರಿಸಿ ತಾ. ಉಗುರು ಒತ್ತಿದರೆ ಸಿಪ್ಪೆ ಟಕ್ಕನೆ ಸೀಳಬೇಕು. ಹಳದಿ ತಿರುಗಿದ್ದು ಬೇಡ, ಬೀಜದ ಸುತ್ತಲಿನ ತಿರುಳು ಲೋಳೆಯಾಗುತ್ತದೆ. ಪ್ರತಿಯೊಂದರ ತುದಿ ಕಚ್ಚಿ ನೋಡು, ಒಂದು ಕಹಿ ಕಾಯಿ ಇಡೀ ಭರಣಿಯನ್ನು ಕೆಡಿಸುತ್ತದೆ.

ತೊಳೆದು ಎರಡು ಗಂಟೆ ಐಸ್ ಹಾಕಿದ ನೀರಿನಲ್ಲಿಡು. ಆಮೇಲೆ ತೊಟ್ಟಿನ ಎದುರಿನ ತುದಿಯನ್ನು, ಅಂದರೆ ಹೂ ಇದ್ದ ಕಡೆಯನ್ನು, 3 ಮಿ.ಮೀ.ನಷ್ಟು ಕತ್ತರಿಸಿ ಬಿಸಾಡು. ಕಾಯನ್ನು ಮೆತ್ತಗೆ ಮಾಡುವ ಕಿಣ್ವ ಇರುವುದು ಅಲ್ಲಿ. ಉಪ್ಪಿನಕಾಯಿ ಗರಿಗರಿಯಾಗಿ ನಿಲ್ಲಲಿಲ್ಲ ಅಂತ ಕೊರಗುವವರು ಹೆಚ್ಚಾಗಿ ಈ ಒಂದು ಕೆಲಸ ಬಿಟ್ಟಿರುತ್ತಾರೆ. ಒಂದು ಕಿಲೋವನ್ನು ಉದ್ದಕ್ಕೆ ನಾಲ್ಕು ಸೀಳು ಮಾಡು, ಇವು ಸುರುಳಿಗೆ. ಇನ್ನೊಂದು ಕಿಲೋವನ್ನು 5 ಮಿ.ಮೀ. ದಪ್ಪದ ಬಿಲ್ಲೆ ಮಾಡು, ಇವು ಕರಿಯುವುದಕ್ಕೆ. ಇದಕ್ಕಿಂತ ತೆಳುವಾದರೆ ಕರಿದಾಗ ಕಾಯಿ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಈಗ ರಸ. ಅಮೆರಿಕದ ವಿನೆಗರ್ 5% ಹುಳಿಯದು, ಅದಕ್ಕೇ ಇಲ್ಲಿಯವರು ಅರ್ಧ ವಿನೆಗರ್ ಅರ್ಧ ನೀರು ಅಂತ ಬರೆಯುತ್ತಾರೆ. ನಮ್ಮ ಅಂಗಡಿಯ ಬಿಳಿ ವಿನೆಗರ್ ಸಾಮಾನ್ಯವಾಗಿ 4%. ಬಾಟಲಿಯ ಚೀಟಿ ಓದು. 4% ಇದ್ದರೆ 5 ಪಾಲು ವಿನೆಗರಿಗೆ 3 ಪಾಲು ನೀರು ಹಾಕಿದಾಗಲೇ ಹುಳಿ ಸಮ ಬರುವುದು. 2 ಕಿಲೋ ಕಾಯಿಗೆ 1,250 ಮಿ.ಲೀ. ವಿನೆಗರ್, 750 ಮಿ.ಲೀ. ನೀರು, 100 ಗ್ರಾಂ ಉಪ್ಪು, 2 ಚಮಚ ಸಕ್ಕರೆ. ಉಪ್ಪನ್ನು ಚಮಚದಲ್ಲಿ ಅಳೆಯಬೇಡ, ತಕ್ಕಡಿಯಲ್ಲಿ ತೂಗು. ಹರಳುಪ್ಪು ಒಂದು ಚಮಚಕ್ಕೆ ಹಿಡಿಯುವ ತೂಕವೇ ಬೇರೆ, ಪುಡಿ ಉಪ್ಪಿನದೇ ಬೇರೆ. ಪುಡಿ ಉಪ್ಪಿನಲ್ಲಿ ಗಂಟಾಗದಂತೆ ಬೆರೆಸಿದ ಪದಾರ್ಥ ಇರುತ್ತದೆ, ರಸ ಮಬ್ಬಾಗುತ್ತದೆ. ಹರಳುಪ್ಪು ಕರಗಿಸಿ ಬಟ್ಟೆಯಲ್ಲಿ ಸೋಸಿಕೊ. ಕುದಿಸುವುದು ಸ್ಟೀಲ್ ಪಾತ್ರೆಯಲ್ಲಿ ಮಾತ್ರ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಮೂರೂ ಹುಳಿಗೆ ಆಗಿಬರುವುದಿಲ್ಲ. ಕುದಿಯುವಾಗ ಕಿಟಕಿ ತೆರೆದಿಡು, ಘಾಟಿಗೆ ಅವ್ವನಿಗೆ ಕೆಮ್ಮು ಬಂದೀತು.

ಎರಡು ಲೀಟರಿನ ಎರಡು ಗಾಜಿನ ಭರಣಿಗಳನ್ನು ಬಿಸಿನೀರಲ್ಲಿ ತೊಳೆದು ಒಣಗಿಸು. ಒಂದೊಂದರ ತಳಕ್ಕೆ ಎರಡು ಹಿಡಿ ಸಬ್ಬಸಿಗೆ (ಕಡ್ಡಿ ಸಮೇತ, ಕಡ್ಡಿಯಲ್ಲೂ ಪರಿಮಳ ಇದೆ), ಒಂದು ದೊಡ್ಡ ಚಮಚ ಸಬ್ಬಸಿಗೆ ಬೀಜ, ಜಜ್ಜಿದ ಬೆಳ್ಳುಳ್ಳಿ 8 ಎಸಳು, 10 ಕಾಳುಮೆಣಸು, ಸಣ್ಣ ಚಮಚ ಸಾಸಿವೆ, ಸೀಳಿದ ಹಸಿಮೆಣಸಿನಕಾಯಿ 2. ಇಲ್ಲಿ ಸಬ್ಬಸಿಗೆಯ ಹೂಗೊಂಚಲನ್ನೇ ಹಾಕುತ್ತಾರೆ. ನಿನ್ನ ಹಿತ್ತಲಲ್ಲಿ ಹೂಬಿಟ್ಟ ಗಿಡ ಇದ್ದರೆ ಕೀಳದೆ ಉಳಿಸಿಕೊ. ಕಾಯಿಗಳನ್ನು ಒತ್ತಿ ಜೋಡಿಸಿ, ರಸ ಬೆಚ್ಚಗಾಗುವಷ್ಟು ಆರಿದ ಮೇಲೆ ಸುರಿ. ಕಾಯಿ ರಸದಲ್ಲಿ ಪೂರ್ತಿ ಮುಳುಗಿರಬೇಕು. ತಣ್ಣಗಾದ ಕೂಡಲೇ ಫ್ರಿಜ್ಜಿಗೆ.

ಇದನ್ನು ಮಾತ್ರ ಮರೆಯಬೇಡ. ಅವ್ವನ ಮಾವಿನಕಾಯಿ ಉಪ್ಪಿನಕಾಯಿ ವರ್ಷವಿಡೀ ಹೊರಗೆ ನಿಲ್ಲುವುದು ಉಪ್ಪು, ಹುಳಿ, ಎಣ್ಣೆಯ ಬಲದಿಂದ. ಇದರಲ್ಲಿ ಕಾಯಿಯೂ ರಸವೂ ಸಮವಾದ ಮೇಲೆ ಉಳಿಯುವ ಉಪ್ಪು 2.5% ಮಾತ್ರ. ಹೊರಗಿಟ್ಟರೆ ಕೆಡುತ್ತದೆ. ವಿನೆಗರ್ ಇಲ್ಲದೆ ಬರೀ ಉಪ್ಪುನೀರಿನಲ್ಲಿ ಹುಳಿಬರಿಸುವ ಪದ್ಧತಿಯೂ ಉಂಟು, ರುಚಿಯಲ್ಲಿ ಅದೇ ಮೇಲು, ಆದರೆ ಅದಕ್ಕೆ 21ರಿಂದ 24 ಡಿಗ್ರಿ ಬೇಕು. 27 ದಾಟಿದರೆ ಕಾಯಿ ಮೆತ್ತಗಾಗುತ್ತದೆ. ಬಳ್ಳಾರಿಯ ಬಿಸಿಲಿಗೆ ಆ ಸಾಹಸ ಬೇಡ.

ಬಿಲ್ಲೆಗಳು ಎರಡು ದಿನಕ್ಕೆ ತಯಾರು, ಸೀಳುಗಳಿಗೆ ಐದು ದಿನ ಬೇಕು. ಹಾಗಾಗಿ ಒಂದು ವಾರ ಮೊದಲೇ ಹಾಕಿಬಿಡು. ಬೆಳ್ಳುಳ್ಳಿ ನೀಲಿಯಾದರೆ ಗಾಬರಿಯಾಗಬೇಡ, ಹುಳಿಗೂ ಬೆಳ್ಳುಳ್ಳಿಯ ಗಂಧಕಕ್ಕೂ ಆಗುವ ಕ್ರಿಯೆ ಅದು, ತಿನ್ನಬಹುದು. ಕಾಯಿ ಜಾರುವಂತೆ ಲೋಳೆಯಾಗಿದ್ದರೆ, ವಾಸನೆ ಕೆಟ್ಟಿದ್ದರೆ ರುಚಿ ನೋಡುವುದೂ ಬೇಡ, ಚೆಲ್ಲು.

ಇನ್ನು ಸುರುಳಿ. ಇಲ್ಲಿಯ ಮೂಲ ಪದ್ಧತಿಯಲ್ಲಿ ಹಂದಿಮಾಂಸದ ತೆಳು ಹಾಳೆಗೆ ಕ್ರೀಮ್ ಚೀಸ್ ಬಳಿದು, ನಡುವೆ ಉಪ್ಪಿನಕಾಯಿ ಇಟ್ಟು ಸುತ್ತಿ ಕತ್ತರಿಸುತ್ತಾರೆ. ನಾವಿರುವ ಈ ಮಿನ್ನೆಸೋಟ ರಾಜ್ಯದ ಸೀಮೆಯಲ್ಲಿ ಅದಕ್ಕೆ "ಮಿನ್ನೆಸೋಟ ಸುಶಿ" ಅಂತಲೇ ಹೆಸರು, ಸುಶಿ ಅಂದರೆ ಜಪಾನಿನವರ ಅನ್ನದ ಸುರುಳಿ. ನಮ್ಮ ಮನೆಗೆ ಮಾಂಸದ ಬದಲು ಚಪಾತಿ, ಚೀಸಿನ ಬದಲು ಕಟ್ಟಿದ ಮೊಸರು. ಜೋಳದ ರೊಟ್ಟಿಯಲ್ಲಿ ಆಗುವುದಿಲ್ಲವೇ ಅಂತ ನೀನು ಕೇಳುತ್ತೀಯ, ಗೊತ್ತು. ಬಿಸಿಯಿದ್ದಾಗ ಬಗ್ಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಬಿರಿಯುತ್ತದೆ. ಬೇಡ.

20 ಚಪಾತಿ ಬೇಕು, 20 ಸೆಂ.ಮೀ. ಅಗಲದವು. ಅರ್ಧ ಗೋಧಿ, ಅರ್ಧ ಮೈದಾ, ಹಾಲಿನಲ್ಲಿ ಕಲಸಿ ಅರ್ಧ ಗಂಟೆ ನೆನೆಸು. ಕಂದು ಚುಕ್ಕೆ ಬೀಳುವಷ್ಟು ಸುಡಬೇಡ, ಸುಟ್ಟ ಜಾಗದಲ್ಲೇ ಸುರುಳಿ ಸೀಳುವುದು. ಬಟ್ಟೆಯೊಳಗೆ ಮುಚ್ಚಿಟ್ಟು ಪೂರ್ತಿ ಆರಿಸು. ಬೆಚ್ಚಗಿರುವಾಗ ಮೊಸರು ಬಳಿದರೆ ಅದು ಒಡೆದು ನೀರು ಬಿಡುತ್ತದೆ.

ಬಳಿಯುವುದಕ್ಕೆ ಒಂದೂವರೆ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಜರಡಿಯ ಮೇಲಿಡು. ಹೊರಗೆ ತೂಗುಹಾಕಿದರೆ ಹುಳಿ ಏರುತ್ತದೆ. ಬೆಳಿಗ್ಗೆ ಅರ್ಧ ಕಿಲೋದ ಆಸುಪಾಸು ಸಿಗುತ್ತದೆ. ಅದಕ್ಕೆ 300 ಗ್ರಾಂ ಪನೀರನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಸೇರಿಸು. ಎಲೆ ಮಾತ್ರ ಬಿಡಿಸಿ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಒಂದು ಬಟ್ಟಲು, ಕಾಳುಮೆಣಸಿನ ಪುಡಿ ಒಂದು ಚಮಚ. ಉಪ್ಪು ಹಾಕಲೇಬೇಡ. ಬಳಿಯುವಾಗ ಸಪ್ಪೆ ಅನ್ನಿಸುತ್ತದೆ, ಕೈ ಉಪ್ಪಿನ ಡಬ್ಬಿಯ ಕಡೆ ಹೋಗುತ್ತದೆ, ತಡೆದುಕೊ. ಬೇಕಾದ ಉಪ್ಪು ನಡುವಿನ ಕಾಯಲ್ಲಿದೆ.

ಸೀಳುಗಳನ್ನು ರಸದಿಂದ ತೆಗೆದು ಜರಡಿಯಲ್ಲಿ ಹತ್ತು ನಿಮಿಷ ಬಸಿ. ಬೀಜದ ಮೃದು ಭಾಗವನ್ನು ಚಾಕುವಿನಿಂದ ಕೆತ್ತಿ ತೆಗೆ. ಆಮೇಲೆ ಒಣ ಬಟ್ಟೆಯ ಮೇಲೆ ಹರವಿ, ಮೇಲೊಂದು ಬಟ್ಟೆ ಹಾಕಿ ಒತ್ತಿ ಒರೆಸು. ಒಂದು ಚಪಾತಿಗೆ 40 ಗ್ರಾಂ ಮಿಶ್ರಣ ಬಳಿ, ಕೊನೆಯ ಒಂದು ಬೆರಳಗಲ ಖಾಲಿ ಬಿಡು. ಹತ್ತಿರದ ಅಂಚಿನಲ್ಲಿ ಒಂದು ಚಮಚ ಪುಟಾಣಿ ಹಿಟ್ಟು ಉದುರಿಸಿ, ಅದರ ಮೇಲೆ ಎರಡು ಸೀಳು ಉದ್ದಕ್ಕೆ ಸೇರಿಸಿಡು. ಪುಟಾಣಿ ಹಿಟ್ಟು ಉಳಿದ ನೀರನ್ನು ಹೀರಿಕೊಳ್ಳುತ್ತದೆ. ಶೇಂಗಾ ಚಟ್ನಿಪುಡಿ ಉದುರಿಸಿದರೂ ಇದೇ ಕೆಲಸ ಆಗುತ್ತದೆ, ನಮ್ಮವರ ನಾಲಿಗೆಗೆ ಅದು ಇನ್ನೂ ಹತ್ತಿರ, ಆದರೆ ಉಪ್ಪಿಲ್ಲದೆ ಪುಡಿಮಾಡಿಕೊ. ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಎರಡೂ ತುದಿ ತಿರುಚಿ ಕಟ್ಟಿ, ಫ್ರಿಜ್ಜಿನಲ್ಲಿ ಕನಿಷ್ಠ ಎರಡು ಗಂಟೆ ಇಡು. ಬೆಳಿಗ್ಗೆ ಸುತ್ತಿ ಸಂಜೆ ಕತ್ತರಿಸಿದರೆ ಸರಿಹೋಗುತ್ತದೆ. ಹಿಂದಿನ ರಾತ್ರಿ ಸುತ್ತಿದರೆ ನಡುವೆ ಹಸಿಯಾಗುತ್ತದೆ.

ಎರಡು ತುದಿಗಳನ್ನು ಕತ್ತರಿಸಿ ಮಕ್ಕಳಿಗೆ ಕೊಡು. ಉಳಿದದ್ದರಲ್ಲಿ 2.5 ಸೆಂ.ಮೀ.ನ ಆರು ತುಂಡು ಬರುತ್ತದೆ, 20 ಸುರುಳಿಗೆ 120, ಒಬ್ಬರಿಗೆ ಮೂರು. ತೆಳು ಚಾಕು ಬೇಕು, ಪ್ರತಿ ಸಲ ಒರೆಸಬೇಕು. ಎಲ್ಲವನ್ನೂ ಒಟ್ಟಿಗೆ ಹೊರಗಿಡಬೇಡ. ಮೊಸರು, ಪನೀರಿನ ತಿಂಡಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಎರಡು ಮೂರು ತಟ್ಟೆಯಾಗಿ ಹಂಚಿಕೊಂಡು ಸರದಿಯ ಮೇಲೆ ತೆಗೆ.

ಕರಿದದ್ದು ನಿನಗೆ ಸುಲಭ, ಮಿರ್ಚಿ ಮಾಡಿದ ಕೈ ನಿನ್ನದು. ಕರಿದ ಉಪ್ಪಿನಕಾಯಿ ಹೆಸರಾದದ್ದು ಆರ್ಕನ್ಸಾ ರಾಜ್ಯದ ಆಟ್ಕಿನ್ಸ್ ಎಂಬ ಸಣ್ಣ ಊರಿನಲ್ಲಿ, 1963ರಲ್ಲಿ. ಇಲ್ಲಿಯವರು ಹೊದಿಸುವುದು ಮೈದಾ ಅಥವಾ ಮೆಕ್ಕೆಜೋಳದ ಹಿಟ್ಟು. ನನ್ನ ಮಟ್ಟಿಗೆ ಕಡಲೆ ಹಿಟ್ಟಿನ ಹೊದಿಕೆಯೇ ಈ ಹುಳಿಗೆ ಹೆಚ್ಚು ಹೊಂದುತ್ತದೆ.

ಬಿಲ್ಲೆಗಳನ್ನು ಬಟ್ಟೆಯ ಮೇಲೆ ಅರ್ಧ ಗಂಟೆ ಹರವು, ಒತ್ತಿ ಒರೆಸು, ಒಣ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಜಾಸ್ತಿಯಾದದ್ದನ್ನು ಕೊಡವು. ಈ ಒಣ ಹಿಟ್ಟು ಇಲ್ಲದಿದ್ದರೆ ಹೊದಿಕೆ ಎಣ್ಣೆಯಲ್ಲೇ ಜಾರಿಹೋಗುತ್ತದೆ. ಕಲಸುವುದಕ್ಕೆ ಕಡಲೆ ಹಿಟ್ಟು 300 ಗ್ರಾಂ, ಅಕ್ಕಿಹಿಟ್ಟು 75 ಗ್ರಾಂ, ಖಾರದ ಪುಡಿ ಒಂದು ಚಮಚ, ಅಜವಾನ ಅರ್ಧ ಚಮಚ, ಒಂದು ಚಮಚ ಕಾದ ಎಣ್ಣೆ. ತಣ್ಣೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಮಿರ್ಚಿ ಹಿಟ್ಟಿಗಿಂತ ಒಂದು ಎಳೆ ಗಟ್ಟಿ ಮಾಡು. ಉಪ್ಪು ಒಂದು ಚಿಟಿಕೆ ಸಾಕು. ಸೋಡಾ ಬೇಡವೇ ಬೇಡ. ಮೆಣಸಿನಕಾಯಿಗೆ ಅದು ಸರಿ, ಇಲ್ಲಿ ಕಾಯಿಯ ಹುಳಿ ತಾಗಿದೊಡನೆ ನೊರೆಯೆದ್ದು ಹೊದಿಕೆ ಕಾಯಿಯಿಂದ ಬಿಡಿಸಿಕೊಳ್ಳುತ್ತದೆ.

ಎಣ್ಣೆ 180 ಡಿಗ್ರಿ ಕಾಯಬೇಕು, ಹಿಟ್ಟಿನ ಹನಿ ಬಿಟ್ಟರೆ ಕೂಡಲೇ ಮೇಲೇಳಬೇಕು. ಸಲಕ್ಕೆ ಹತ್ತು ಬಿಲ್ಲೆ, ಎರಡರಿಂದ ಮೂರು ನಿಮಿಷ. ಹೆಚ್ಚು ಹಾಕಿದರೆ ಎಣ್ಣೆ ತಣಿದು ಹೊದಿಕೆ ಎಣ್ಣೆ ಕುಡಿಯುತ್ತದೆ. ಒಂದು ಕಿಲೋಗೆ 150 ಬಿಲ್ಲೆಯ ಮೇಲೆ ಬರುತ್ತದೆ. ಇವನ್ನು ಮೊದಲೇ ಕರಿದಿಡಲು ಆಗುವುದಿಲ್ಲ, ಹತ್ತು ನಿಮಿಷದಲ್ಲಿ ಒಳಗಿನ ನೀರು ಹೊರಬಂದು ಮೆತ್ತಗಾಗುತ್ತವೆ. ಜನ ಬಂದು ಕೂತ ಮೇಲೆ ಬಾಂಡಲೆ ಇಡು. ರುಚಿ ನೋಡಿದಾಗ ಉಪ್ಪು ಮುಂದಾಗಿದ್ದರೆ ಬಿಲ್ಲೆಗಳನ್ನು ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು, ಮತ್ತೆ ಒರೆಸಿ ಬಳಸು.

ಜೊತೆಗೆ ಅದ್ದಿಕೊಳ್ಳಲು ಇನ್ನೂ 300 ಗ್ರಾಂ ಕಟ್ಟಿದ ಮೊಸರು, ಒಂದು ಎಸಳು ಬೆಳ್ಳುಳ್ಳಿ, ಹೆಚ್ಚಿದ ಸಬ್ಬಸಿಗೆ. ತೆಳುಮಾಡಲು ನೀರಲ್ಲ, ಭರಣಿಯ ರಸ ನಾಲ್ಕು ಚಮಚ. ಉಪ್ಪು ಹುಳಿ ಎರಡೂ ಅದರಲ್ಲೇ ಬಂತು. ಉಳಿದ ರಸಕ್ಕೆ ಹೊಸ ಸೌತೆಕಾಯಿ ಹಾಕಬೇಡ, ಕಾಯಿಯ ನೀರು ಸೇರಿ ಅದರ ಹುಳಿ ಇಳಿದಿರುತ್ತದೆ. ಉಳಿದ ಚೂರುಗಳನ್ನು ಸಣ್ಣಗೆ ಹೆಚ್ಚಿ, ಮರುದಿನ ಒಗ್ಗರಣೆ ಮಂಡಕ್ಕಿಗೆ ಈರುಳ್ಳಿ, ಶೇಂಗಾ ಜೊತೆ ಕಲಸು. ತಟ್ಟೆಗೆ ಹಾಕುವ ಕ್ಷಣದಲ್ಲೇ ಕಲಸಬೇಕು, ಮಂಡಕ್ಕಿ ಕಾಯುವುದಿಲ್ಲ.

ಅವ್ವನಿಗೆ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದಾರಲ್ಲ. ನೀರಲ್ಲಿ ನೆನೆಸಿದರೂ ಉಪ್ಪಿನಕಾಯಿಯ ಉಪ್ಪು ಪೂರ್ತಿ ಹೋಗುವುದಿಲ್ಲ. ಎರಡು ಸುರುಳಿಯನ್ನು ಬೇರೆಯೇ ಮಾಡು, ಒಳಗೆ ಹಸಿ ಸೌತೆಕಾಯಿ ಸೀಳು, ಲಿಂಬೆರಸ ಹಚ್ಚಿ ಒರೆಸಿದ್ದು. ಸಬ್ಬಸಿಗೆ ಸ್ವಲ್ಪ ಹೆಚ್ಚು ಹಾಕು, ಅವ್ವನಿಗೆ ಇಷ್ಟ. ಗುರುತಿಗೆ ಅವುಗಳ ಮೇಲೆ ಒಂದೊಂದು ಕಡ್ಡಿ ಚುಚ್ಚಿಡು, ತಟ್ಟೆಯಲ್ಲಿ ಬೆರೆತುಹೋಗಬಾರದು.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಆಶೀರ್ವಾದ. ಉಪ್ಪಿನಕಾಯಿ ಹಾಕಿದ ಐದನೇ ದಿನ ಒಂದು ಸೀಳು ತೆಗೆದು ಕಚ್ಚಿ ನೋಡಿ, ಗರಿಗರಿ ಇದೆಯೋ ಇಲ್ಲವೋ ತಿಳಿಸು. ಇಲ್ಲದಿದ್ದರೆ ಇನ್ನೊಂದು ಸಲ ಹಾಕಲು ಬಿಲ್ಲೆಗಳಿಗಾದರೂ ಎರಡು ದಿನ ಉಳಿದಿರುತ್ತದೆ.

ನಿನ್ನ ತಂಗಿ