ಗುರುಗ್ರಹವನ್ನು ಎರಡಾಗಿ ತೋರಿಸುವ ಬೈನಾಕ್ಯುಲರ್ ಬಗ್ಗೆ ದೂರು

ಸೋಮವಾರಪೇಟೆ ತಾಲ್ಲೂಕು, ಕೊಡಗು
20 ಜನವರಿ 2026

ಗ್ರಾಹಕ ದೂರು ಅಧಿಕಾರಿಗಳಿಗೆ,

ವಿಷಯ: 10×50 (10 ಪಟ್ಟು ದೊಡ್ಡದಾಗಿ ತೋರಿಸುವ, ಮುಂದೆ 50 ಮಿ.ಮೀ. ಅಗಲದ ಲೆನ್ಸ್ ಇರುವ) ಬೈನಾಕ್ಯುಲರ್‌ನ ದೋಷ ಮತ್ತು ವಾರಂಟಿ ಕೊಡಲು ನಿರಾಕರಿಸಿದ್ದು

ನಮಸ್ಕಾರ.

ನಿಮ್ಮ ಕಸ್ಟಮರ್ ಕೇರ್‌ನಿಂದ ಮೊನ್ನೆ ಬಂದ ಉತ್ತರವನ್ನು ಎರಡು ಸಲ ಓದಿದೆ. ರಾತ್ರಿ ಹೊತ್ತು, ಚಳಿ ಪ್ರದೇಶದಲ್ಲಿ, ಹೊರಗಡೆ ಬಳಸಿದ್ದರಿಂದ ವಾರಂಟಿ ಸಿಗುವುದಿಲ್ಲ ಎಂದು ಬರೆದಿದ್ದಾರೆ. ನಿಮ್ಮ ಡಬ್ಬಿಯ ಮೇಲಿನ ಚಿತ್ರವನ್ನು ಅವರು ನೋಡಿದ ಹಾಗಿಲ್ಲ. ಹಿಮದ ಬೆಟ್ಟ, ಮೇಲೆ ಕ್ಷೀರಪಥ, ಕೆಳಗೆ ಉಣ್ಣೆ ಟೋಪಿ ಹಾಕಿದ ಹುಡುಗ ಇದೇ ಬೈನಾಕ್ಯುಲರ್ ಹಿಡಿದು ನಿಂತಿದ್ದಾನೆ. ಜೊತೆಗಿದ್ದ ಪುಸ್ತಕದಲ್ಲಿ -10 ಡಿಗ್ರಿಯಿಂದ 50 ಡಿಗ್ರಿವರೆಗೆ ಬಳಸಬಹುದು ಎಂದು ಅಚ್ಚಾಗಿದೆ. ನಮ್ಮ ಜಗಲಿಯಲ್ಲಿ ತೂಗುಹಾಕಿರುವ ಥರ್ಮಾಮೀಟರ್ ಈ ಚಳಿಗಾಲದಲ್ಲಿ 10ಕ್ಕಿಂತ ಕೆಳಗೆ ಇಳಿದೇ ಇಲ್ಲ. ಮನೆ ಒಳಗೆ ಕೂತು ಹಗಲಲ್ಲಿ ನೋಡುವ ನಕ್ಷತ್ರ ಇನ್ನೂ ನಮ್ಮೂರಿಗೆ ಬಂದಿಲ್ಲ.

ನಾನು ಸಣ್ಣ ಕಾಫಿ ಬೆಳೆಗಾರ. ಎಂಟನೇ ಕ್ಲಾಸಿನ ಮಗಳಿಗೆ ಆಕಾಶದ ಹುಚ್ಚು. ಅವಳಿಂದ ನನಗೂ ಹತ್ತಿತು. ನಮ್ಮ ಕಾಫಿ ಕಣದಲ್ಲಿ ನಿಂತರೆ ಮೂರು ದಿಕ್ಕಿಗೂ ಮರದ ಅಡ್ಡ ಇಲ್ಲ, ಬೀದಿ ದೀಪ ಇಲ್ಲ. ಕರೆಂಟ್ ಹೋದ ದಿನವಂತೂ ಹಬ್ಬ. ಅದಕ್ಕೇ ಅರೇಬಿಕಾ ಕೊಯ್ಲಿನ ಕೂಲಿ ಕೊಡುವ ಕಷ್ಟದ ತಿಂಗಳಲ್ಲೂ 7,850 ರೂಪಾಯಿ ಕೊಟ್ಟು ನಿಮ್ಮಲ್ಲಿ ಆರ್ಡರ್ ಮಾಡಿದೆ. ಪಾರ್ಸೆಲ್ ಬಂದದ್ದು ಡಿಸೆಂಬರ್ 3ಕ್ಕೆ. ಕೊರಿಯರ್‌ನವರು ಊರಿಗೆ ಬರಲಿಲ್ಲ, ಸೋಮವಾರಪೇಟೆಗೆ ಬಸ್ಸಲ್ಲಿ ಹೋಗಿ ತಂದೆ. ಅದು ಹಾಗಿರಲಿ.

ಮಾರನೇ ದಿನ, 4ಕ್ಕೆ, ಹುಣ್ಣಿಮೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ವಾರ. ಮನೆ ತುಂಬ ನೆಂಟರು, ಆಕಾಶದ ತುಂಬ ಬೆಳದಿಂಗಳು. ನಕ್ಷತ್ರ ನೋಡುವ ಸಮಯ ಅದಲ್ಲ. ನಿಮ್ಮ ‘7 ದಿನದೊಳಗೆ ವಾಪಸ್’ ಎನ್ನುವ ಗಡುವು ಪೂರ್ತಿ ಚಂದ್ರನ ಬೆಳಕಲ್ಲೇ ಮುಗಿದುಹೋಯಿತು. ಹಗಲು ನೋಡಿದರೆ ಪುಷ್ಪಗಿರಿ ಚೆನ್ನಾಗೇ ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಲೆ ನೋಯುತ್ತಿತ್ತು, ಅಷ್ಟೆ. ಅಭ್ಯಾಸ ಇಲ್ಲ ಅಂದುಕೊಂಡು ಸುಮ್ಮನಾದೆ.

ಸರಿಯಾಗಿ ಕೈಗೆತ್ತಿಕೊಂಡದ್ದು ಡಿಸೆಂಬರ್ 13ರ ರಾತ್ರಿ. ಅವತ್ತು ಜೆಮಿನಿಡ್ ಉಲ್ಕೆಗಳು ಜಾಸ್ತಿ ಬೀಳುವ ರಾತ್ರಿ, ಚಂದ್ರ ಹುಟ್ಟುವುದು ನಡುರಾತ್ರಿ ದಾಟಿದ ಮೇಲೆ. ಉಲ್ಕೆಗೆ ಬೈನಾಕ್ಯುಲರ್ ಬೇಡ, ಬರಿಗಣ್ಣೇ ಸರಿ. ಆದರೆ ಒಂದು ಉಲ್ಕೆಗೂ ಇನ್ನೊಂದಕ್ಕೂ ನಡುವೆ ಬೇಕಾದಷ್ಟು ಸಮಯ ಇರುತ್ತದಲ್ವಾ. ಕಣದಲ್ಲಿ ಟಾರ್ಪಾಲು ಹೊದಿಸಿದ ಕಾಫಿ ರಾಶಿಯ ಪಕ್ಕ ಚಾಪೆ, ಮೇಲೆ ಎರಡು ಕಂಬಳಿ, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಮೊದಲು ಮಗಳ ಕೈಗೆ ಕೊಟ್ಟೆ. ಅವಳು ಪುನರ್ವಸು ಹತ್ತಿರ ಇದ್ದ ಗುರುವಿನ ಕಡೆ ತಿರುಗಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಗುರು ಎರಡಿದಾನಾ?” ಅಂದಳು.

ನಾನೂ ನೋಡಿದೆ. ಎರಡೇ. ಒಂದರ ನೆತ್ತಿಯ ಮೇಲೆ ಇನ್ನೊಂದು. ಒಂದು ಕಣ್ಣು ಮುಚ್ಚಿದರೆ ಒಂದು, ಎರಡೂ ತೆರೆದರೆ ಎರಡು. ಗೆಲಿಲಿಯೊ 1610ರಲ್ಲಿ ಸಣ್ಣ ದೂರದರ್ಶಕದಲ್ಲಿ ಗುರುವಿನ ನಾಲ್ಕು ಚಂದ್ರಗಳನ್ನು ಗುರುತಿಸಿದ. ನಿಮ್ಮದರಲ್ಲಿ ನೋಡಿದ್ದರೆ ಪಾಪ, ಎಂಟು ಎಂದು ಬರೆದಿಡುತ್ತಿದ್ದ. ಬರಿಗಣ್ಣಿಗೆ ಆರೇಳು ಚುಕ್ಕಿಯಾಗಿ ಕಾಣುವ ಕೃತ್ತಿಕೆಯ ಗುಂಪು 10 ಪಟ್ಟು ದೊಡ್ಡದಾಗಿ ಕಂಡರೆ ಮಲ್ಲಿಗೆ ಚೆಲ್ಲಿದ ಹಾಗಿರುತ್ತದೆ. ನಮಗೆ ಕಂಡದ್ದು ಕಲಸಿದ ರಂಗೋಲಿ.

ಇದು ಎರಡು ಕೊಳವೆಗಳು ಒಂದೇ ನೇರಕ್ಕೆ ಕೂತಿಲ್ಲದ ದೋಷ. ಒಳಗಿನ ಪ್ರಿಸಮ್ ಸ್ವಲ್ಪ ಸರಿದಿದ್ದರೂ ಹೀಗಾಗುತ್ತದೆ. ಹಗಲಲ್ಲಿ ನಮ್ಮ ಕಣ್ಣೇ ಎಳೆದಾಡಿ ಎರಡನ್ನೂ ಒಂದು ಮಾಡಿಕೊಳ್ಳುತ್ತದೆ, ತಲೆನೋವು ಅದಕ್ಕೇ. ರಾತ್ರಿ ಚುಕ್ಕಿ ಬೆಳಕಿನ ಮುಂದೆ ಆ ಆಟ ನಡೆಯುವುದಿಲ್ಲ. ಪಕ್ಕದ ತೋಟದ ಮಾವ, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ತಮ್ಮ ಹಳೇ 7×50 ತಂದು ಕೊಟ್ಟರು. ಅದರಲ್ಲಿ ಗುರು ಒಂದೇ. ನಿಮ್ಮದನ್ನು ಕಣ್ಣಿಗಿಟ್ಟು ತೆಗೆದು, “ಇದರ ಎರಡು ಕಣ್ಣೂ ಜಗಳ ಆಡ್ಕೊಂಡಿವೆ ಕಣೋ” ಅಂದರು.

ಡಿಸೆಂಬರ್ 15ಕ್ಕೇ ದೂರು ಕೊಟ್ಟೆ. ನಿಮ್ಮವರು ವಿಡಿಯೊ ಕಳಿಸಿ ಎಂದರು. ಫೋನಿನ ಕ್ಯಾಮೆರಾ ನೋಡುವುದು ಒಂದು ಕೊಳವೆಯೊಳಗೆ ಮಾತ್ರ ಸ್ವಾಮಿ. ಎರಡೂ ಕಣ್ಣಿಟ್ಟು ನೋಡಿದಾಗ ಮಾತ್ರ ಗೊತ್ತಾಗುವ ದೋಷವನ್ನು ಅದರಲ್ಲಿ ಹೇಗೆ ಹಿಡಿಯಲಿ? ಮಗಳು ಪೆನ್ಸಿಲ್‌ನಲ್ಲಿ ಬರೆದ ಚಿತ್ರ ಕಳಿಸಿದೆ. ಚಿತ್ರ ಸಾಕ್ಷಿಯಲ್ಲವಂತೆ, ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಬೇಕಂತೆ. ಮನೆಯವರೆಲ್ಲರಿಗೂ, ಸುಬೇದಾರ್ ಮಾವನಿಗೂ, ಒಂದೇ ರಾತ್ರಿ ಒಂದೇ ಥರ ಕಣ್ಣು ಕೆಟ್ಟಿತು ಅಂತಲಾ?

ಆಮೇಲೆ ಕ್ರಿಸ್‌ಮಸ್ ವಾರದಲ್ಲಿ ಒಳಗೆ ಮಂಜು ಕಟ್ಟಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮವರು ನನ್ನ ಬಳಕೆಯ ತಪ್ಪು ಎಂದದ್ದು ಇದಕ್ಕೇ. ಲೆನ್ಸಿನ ಹೊರಗೆ ಇಬ್ಬನಿ ಕೂರುವುದು ಸಹಜ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ರಟ್ಟು ಸುತ್ತಿ ಎರಡು ಕೊಳವೆಗೂ ಮರೆ ಮಾಡಿದ್ದೇನೆ. ನೋಡುವ ಅರ್ಧ ಗಂಟೆ ಮೊದಲೇ ಹೊರಗಿಡುತ್ತೇನೆ, ಉಸಿರು ತಾಗದ ಹಾಗೆ ಹಿಡಿಯುತ್ತೇನೆ, ಒಳಗೆ ತರುವಾಗ ಕವರಿನಲ್ಲಿ ಕಟ್ಟಿ ತರುತ್ತೇನೆ. ಈ ಮಂಜು ಒರೆಸಿದರೆ ಹೋಗುವುದಿಲ್ಲ. ಬಲಗಡೆ ಕೊಳವೆಯಲ್ಲಿ, ಗಾಜಿನ ಒಳಮೈಗೆ, ನಾಲ್ಕಾಣೆ ಅಗಲ ಬಿಳಿ ಪೊರೆಯಂತೆ ಕೂತಿದೆ. ಬೆಳಗ್ಗೆ ಬಿಸಿಲು ತಾಗಿದರೆ ಮಾಯ, ರಾತ್ರಿ ಮತ್ತೆ ಹಾಜರು. ಒಳಗೆ ಒಣ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದೇವೆ ಎಂದು ನೀವು ಬರೆದಿದ್ದೀರಿ. ಒಣ ಗಾಳಿಯಲ್ಲಿ ಮಂಜು ಎಲ್ಲಿಂದ ಬರಬೇಕು? ಸೀಲ್ ಕೂತಿಲ್ಲ, ತೇವ ಒಳಗಿದೆ. ಈಗ ಮಹಾವ್ಯಾಧನ (ಓರಿಯನ್) ಕತ್ತಿಯಲ್ಲಿ ಮಸುಕು ಮೋಡದಂತೆ ಕಾಣುವ ನೀಹಾರಿಕೆ ಹುಡುಕುವ ಕಷ್ಟವೇ ಇಲ್ಲ, ಎಲ್ಲ ನಕ್ಷತ್ರವೂ ನೀಹಾರಿಕೆಯೇ. ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಜೂನ್ ಬಂದರೆ ಈ ಲೆನ್ಸಿನ ಗತಿ ನನಗೆ ಈಗಲೇ ಗೊತ್ತು.

ಇಷ್ಟಾದ ಮೇಲೆ ಅನುಮಾನ ಬಂದು ಇನ್ನೊಂದು ಪರೀಕ್ಷೆ ಮಾಡಿದೆ. ಕಣ್ಣಿಡುವ ಕಡೆಯಿಂದ ಸ್ವಲ್ಪ ದೂರದಲ್ಲಿ ಟಾರ್ಚ್ ಇಟ್ಟು, ದೊಡ್ಡ ಲೆನ್ಸಿನ ಹತ್ತಿರ ಬಿಳಿ ಕಾಗದ ಹಿಡಿದರೆ ಬೆಳಕಿನ ದುಂಡು ವೃತ್ತ ಬೀಳುತ್ತದೆ. ನಿಜವಾಗಿ ಎಷ್ಟು ಅಗಲದ ಲೆನ್ಸ್ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಅಳತೆ. ಮಾವನದರಲ್ಲಿ ಸರಿಯಾಗಿ 50 ಮಿ.ಮೀ. ಬಂತು. ನಿಮ್ಮದರಲ್ಲಿ 41. ಮೂರು ಸಲ ಅಳೆದೆ, ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲಿ. ಮುಂದೆ 50ರ ಗಾಜು ಕೂರಿಸಿ ಒಳಗೆ ಎಲ್ಲೋ ದಾರಿ ಸಣ್ಣ ಮಾಡಿದ್ದೀರಿ. 41ರ ವರ್ಗ 1,681, 50ರ ವರ್ಗ 2,500. ಅಂದರೆ ಮೂರರಲ್ಲಿ ಒಂದು ಪಾಲು ಬೆಳಕು ನನ್ನ ಕಣ್ಣಿಗೆ ಬರುವ ಮೊದಲೇ ಹೋಯಿತು.

ಮಂಜು ಕಟ್ಟಿದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಇದಕ್ಕೆ. ನಮ್ಮಲ್ಲಿ ಕಾಫಿ ಚೀಲ ಅಂದರೆ 50 ಕೆ.ಜಿ. ವ್ಯಾಪಾರಿ ತೂಕ ಹಾಕುತ್ತಾನೆ, ಮಾಯಿಶ್ಚರ್ ನೋಡುತ್ತಾನೆ, ಸಿಪ್ಪೆ ಸಮೇತ ಒಣಗಿಸಿದ ಚೆರಿ ಕಾಫಿಯಾದರೆ ಔಟ್‌ಟರ್ನ್ (ಎಷ್ಟು ಬೀಜ ಸಿಗುತ್ತದೆ ಎನ್ನುವ ಲೆಕ್ಕ) ತೆಗೆದು ರೇಟು ಹೇಳುತ್ತಾನೆ. ತೇವ ಜಾಸ್ತಿ ಇದ್ದರೆ ದುಡ್ಡು ಕತ್ತರಿಸುತ್ತಾನೆ. “ಚಳಿ ಇತ್ತು, ಅದಕ್ಕೆ ಒಣಗಿಲ್ಲ” ಎಂದು ನಾನು ಹೇಳಿದರೆ ನಕ್ಕು ಕಳಿಸುತ್ತಾನೆ. 41 ಕೆ.ಜಿ. ತುಂಬಿ 50 ಎಂದು ಚೀಟಿ ಅಂಟಿಸಿದರೆ ಪೇಟೆಯಲ್ಲಿ ಇನ್ನೊಂದು ಸಲ ಮುಖ ತೋರಿಸುವ ಹಾಗಿಲ್ಲ.

ಜನವರಿ 10ರಂದು ಗುರು ಸೂರ್ಯನಿಗೆ ನೇರ ಎದುರಾಗಿದ್ದ. ಈ ಸುತ್ತಿನಲ್ಲಿ ಚೆನ್ನಾಗಿ ಕಾಣುವ ದಿನ. ಅದು ಹೋಯಿತು, ಮತ್ತೆ ಬರಲು 13 ತಿಂಗಳು. ನೀವು ಕಳಿಸಿದ 500 ರೂಪಾಯಿ ಕೂಪನ್ ಅದಕ್ಕೆ ಸಮಾಧಾನವಲ್ಲ. ಅದನ್ನು ನಾನು ಬಳಸಿಲ್ಲ, ಬಳಸುವುದೂ ಇಲ್ಲ.

7 ದಿನದ ಮಾತು ಬಿಡಿ, ನಾನು ಕೇಳುತ್ತಿರುವುದು ನಿಮ್ಮದೇ ಒಂದು ವರ್ಷದ ವಾರಂಟಿ. ಪೂರ್ತಿ 7,850 ರೂಪಾಯಿ ವಾಪಸ್ ಕೊಡಿ. ಇಲ್ಲವಾದರೆ ಕಳಿಸುವ ಮೊದಲು ಯಾರಾದರೂ ಒಂದು ನಕ್ಷತ್ರಕ್ಕೆ ಹಿಡಿದು ನೋಡಿದ, ನಿಜವಾದ 50 ಮಿ.ಮೀ. ಇರುವ ಬೈನಾಕ್ಯುಲರ್ ಕೊಡಿ. ಹಳೆಯದನ್ನು ವಾಪಸ್ ಒಯ್ಯುವ ಖರ್ಚು ನಿಮ್ಮದು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯಲ್ಲಿ ಉತ್ತರ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ನಿಮ್ಮ ಊರಿಗೆ ಬರಬೇಕಿಲ್ಲ.

ಫೆಬ್ರವರಿ 17ಕ್ಕೆ ಅಮಾವಾಸ್ಯೆ. ಅದರೊಳಗೆ ಬಂದರೆ ಒಳ್ಳೆಯದು. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಯ ಕಾಲ, ಆಕಾಶ ನಂಬುವ ಹಾಗಿಲ್ಲ. ಬಿಲ್, ವಾರಂಟಿ ಕಾರ್ಡ್, ಟಾರ್ಚ್ ಪರೀಕ್ಷೆಯ ಫೋಟೊ ಮತ್ತು ಮಗಳ ಚಿತ್ರ ಜೊತೆಗಿವೆ.

ಹಳೆಯದನ್ನು ತೆಗೆದುಕೊಂಡು ಹೋಗುವವರಿಗೆ ಈ ಸಲ ಮನೆವರೆಗೂ ಬರಲು ಹೇಳಿ. ಸಂಜೆ 5ರ ಒಳಗೆ ಬರಲಿ, ಕತ್ತಲಾದ ಮೇಲೆ ನಮ್ಮ ದಾರಿಯಲ್ಲಿ ಆನೆ ಓಡಾಡುತ್ತದೆ.

ಇಂತಿ,
ನಿಮ್ಮ ಗ್ರಾಹಕ