ಒಬ್ಬನೇ ಹೋಗಿ ಕೇಳಬೇಡ

ಕಲಬುರಗಿ

ಪ್ರೀತಿಯ ಅಳಿಯನಿಗೆ ಮಾಮನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. "ಮಾಮಾ, ಕಾನೂನು ಇದೆ, ಪಿಎಫ್ ಇದೆ, ಇನ್ನೂ ಯೂನಿಯನ್ ಯಾಕೆ ಬೇಕು?" ಅಂದೆ.

ನನ್ನ ದಾಲ್ ಮಿಲ್ಲಿನ ದಿನಗಳ ಮಾತು ಹೇಳುತ್ತೇನೆ. ಹೊಸ ತೊಗರಿ ಬಂತು ಅಂದರೆ ದಿನಕ್ಕೆ ಹನ್ನೆರಡು ತಾಸು ಕೆಲಸ. ಮೂಗು, ಗಂಟಲು ಎಲ್ಲ ಹೊಟ್ಟಿನ ಧೂಳು. ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯಿದೆ ಆಗಲೇ ಹೇಳಿತ್ತು. ನಮಗೆ ಸಿಗುತ್ತಿದ್ದದ್ದು ಒಂದೇ ಪಟ್ಟು. ನಮ್ಮಲ್ಲಿ ಸ್ವಲ್ಪ ಓದಿದವನೊಬ್ಬ ಇದ್ದ. ಅವನು ಒಬ್ಬನೇ ಹೋಗಿ ಕೇಳಿದ. ಮರುದಿನ ಬೆಳಿಗ್ಗೆ ಮುಕಾದಮ ಗೇಟಿನಲ್ಲೇ ತಡೆದು, "ನಿನಗೆ ಕೆಲಸ ಇಲ್ಲ" ಅಂದ. ಉಳಿದವರು ಯಾರೂ ಬಾಯಿ ಬಿಡಲಿಲ್ಲ. ನಾನೂ ಅಷ್ಟೇ, ತಲೆ ತಗ್ಗಿಸಿ ಚೀಲ ಎತ್ತಿದೆ. ಅವನು ನಮ್ಮನ್ನು ನೋಡಿಕೊಂಡು ಹೊರಗೆ ಹೋದದ್ದು ಈಗಲೂ ಕಣ್ಣ ಮುಂದೆ ಇದೆ.

ಮುಂದಿನ ಸುಗ್ಗಿಗೆ ನಲವತ್ತು ಜನ ಒಂದಾದೆವು. ಅರ್ಜಿಯಲ್ಲಿ ಸಹಿಗಳನ್ನು ಸುತ್ತಲೂ ಹಾಕಿದೆವು, ಮೊದಲ ಸಹಿ ಯಾರದು ಅಂತ ಗೊತ್ತಾಗಬಾರದಲ್ವಾ. ನಲವತ್ತು ಜನರನ್ನು ಒಂದೇ ದಿನ ಗೇಟಿನಿಂದ ಕಳಿಸಿದರೆ ಮಿಲ್ ನಡೆಯುವುದು ಹೇಗೆ? ಆಗ ಹಾಜರಿ ಪುಸ್ತಕ ತೆರೆದರು. ಕೂಲಿಯೂ ಸರಿಯಾಯಿತು. ಕಾಯಿದೆ ಹಳೆಯದೇ, ಬದಲಾದದ್ದು ನಮ್ಮ ಸಂಖ್ಯೆ ಮಾತ್ರ.

ಯೂನಿಯನ್‌ನಲ್ಲಿ ತಪ್ಪೇ ಇಲ್ಲ ಅಂತ ಹೇಳುವುದಿಲ್ಲ. ಚಂದಾ ಹಣದ ಲೆಕ್ಕ ಕೊಡದ ಮುಖಂಡರನ್ನು ನೋಡಿದ್ದೇನೆ. ಸಂಘ ಇದ್ದರೂ ನಮ್ಮೂರಿನ ಎಂಎಸ್‌ಕೆ ಬಟ್ಟೆ ಮಿಲ್ ಮುಚ್ಚಿತು. ಆದರೆ ಲೆಕ್ಕ ಕೇಳುವುದು ಸದಸ್ಯರ ಹಕ್ಕು. ಹೊರಗೆ ನಿಂತರೆ ಅದೂ ಇಲ್ಲ.

ನೀನು ಈಗ ಸೇಡಂ ಕಡೆ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದೀಯ. ಗುತ್ತಿಗೆದಾರ ಬದಲಾದರೆ ನಿನ್ನ ಪಿಎಫ್ ಲೆಕ್ಕ ಯಾರನ್ನು ಕೇಳುತ್ತೀಯ? ಕಾಯಂ ನೌಕರನಿಗಿಂತ ನಿನಗೇ ಸಂಘ ಜಾಸ್ತಿ ಬೇಕು. ಅದರಲ್ಲೂ 2025ರ ನವೆಂಬರ್‌ನಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಮುಷ್ಕರ ಹೂಡಬೇಕೆಂದರೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಇಂಥ ನಿಯಮ ಓದಿ ತಿಳಿಸುವವರು ಜೊತೆಗೆ ಇರಬೇಕು. ವಾಟ್ಸಾಪ್ ಗುಂಪಿನಲ್ಲಿ ಸುಮ್ನೆ ಬೈದುಕೊಂಡರೆ ಏನೂ ಆಗುವುದಿಲ್ಲ.

ಈ ವಾರ ಯೂನಿಯನ್‌ನವರ ಸಭೆಗೆ ಹೋಗಿ ಹಿಂದೆ ಕೂತು ಕೇಳಿಸಿಕೋ. ಚಂದಾ ಕೊಟ್ಟರೆ ರಸೀದಿ ತಗೋ. ಅಲ್ಲಿಯವರೆಗೆ ಒಬ್ಬನೇ ಹೋಗಿ ಏನೂ ಕೇಳಬೇಡ. ಶರಣಬಸವೇಶ್ವರ ಜಾತ್ರೆಗೆ ಬರುವಾಗ ಮೂರು ತಿಂಗಳ ಸಂಬಳದ ಚೀಟಿ ತಗೊಂಡು ಬಾ. ಕೂತು ನೋಡೋಣ.

ನಿನ್ನ ಮಾಮಾ